ಹೆಡ್‌ಸೆಟ್ ತೆಗೆದ ಮೇಲೆ ಮಗು ಏನು ಹೇಳುತ್ತೆ?

ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ (ಹಾಕಿಕೊಂಡರೆ ಸುತ್ತಲೂ ಕಂಪ್ಯೂಟರ್ ಸೃಷ್ಟಿಸಿದ ಲೋಕ ಕಾಣುವ ದೊಡ್ಡ ಕನ್ನಡಕ) ಮತ್ತು ಅವತಾರ್‌ಗಳ (ಕಂಪ್ಯೂಟರಿನಲ್ಲಿ ಮಾಡಿದ ಮನುಷ್ಯರ ರೂಪಗಳು) ಮೂಲಕ ಪಾಠ ಕಲಿಯುವ ಬಗ್ಗೆ ಬೆಂಗಳೂರಿನ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಶಿಕ್ಷಕರ ತರಬೇತಿ ಕ್ಷೇತ್ರದ ತಜ್ಞರ ಉತ್ತರ ಇಲ್ಲಿದೆ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಈ ವರ್ಷ ಸ್ಕೂಲಿನಲ್ಲಿ ವಿಆರ್ ಲ್ಯಾಬ್ ಶುರು ಮಾಡಿದ್ದಾರೆ, ಅದಕ್ಕೆ ಬೇರೆ ಫೀಸು. ಹೃದಯದ ಪಾಠ ಅದರಲ್ಲೇ ತೋರಿಸಿದರಂತೆ. "ಅಮ್ಮ, ಹಾರ್ಟ್ ಒಳಗೇ ಹೋಗಿದ್ದೆ" ಅಂತ ಮನೆಯಲ್ಲಿ ಕುಣಿದಾಡಿದ. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಬಾಯಿ ಬಿಡಲಿಲ್ಲ. ಕೊಟ್ಟ ದುಡ್ಡು ದಂಡವಾ?
— ಒಬ್ಬ ತಾಯಿ, ರಾಜಾಜಿನಗರ

ಉತ್ತರ: ದಂಡ ಅಂತ ಈಗಲೇ ಹೇಳಲಾರೆ. ಆದರೆ ನೀವು ಮನೆಯಲ್ಲಿ ಕೇಳಿದ ಪ್ರಶ್ನೆಯನ್ನು ಅವತ್ತು ಕ್ಲಾಸಿನಲ್ಲೇ ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಿಲ್ಲ ಅಂತ ಕಾಣುತ್ತೆ. ತೊಂದರೆ ಇರುವುದೇ ಅಲ್ಲಿ.

ಇದು ನಿಮ್ಮ ಮಗನೊಬ್ಬನ ಕಥೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್‌ನ ಜೋಸ್ಲಿನ್ ಪರಾಂಗ್ ಮತ್ತು ರಿಚರ್ಡ್ ಮೇಯರ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ರಕ್ತನಾಳ, ಜೀವಕೋಶದ ಪಾಠವನ್ನು ವಿಆರ್‌ನಲ್ಲಿ ತೋರಿಸಿದರು. ಇನ್ನೊಂದು ಗುಂಪು ಅದೇ ಪಾಠವನ್ನು ಕಂಪ್ಯೂಟರಿನಲ್ಲಿ ಸ್ಲೈಡುಗಳಾಗಿ ನೋಡಿತು. ಜಾಸ್ತಿ ಖುಷಿಪಟ್ಟಿದ್ದು ವಿಆರ್ ಗುಂಪು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದಿದ್ದು ಸ್ಲೈಡ್ ಗುಂಪು. ಗೀಡೊ ಮಕ್ರಾನ್ಸ್ಕಿ ಎಂಬ ಡೆನ್ಮಾರ್ಕಿನ ಸಂಶೋಧಕರ ತಂಡವೂ ವಿಆರ್ ಪ್ರಯೋಗಾಲಯದ ಬಗ್ಗೆ ಇಂಥದ್ದೇ ಫಲಿತಾಂಶ ಕಂಡಿತು. ಅಲ್ಲೇ ಇದ್ದೇನೆ ಅನ್ನುವ ಭಾವನೆ ಜಾಸ್ತಿ, ಕಲಿತದ್ದು ಕಡಿಮೆ.

ಕಾರಣ ಊಹಿಸುವುದು ಕಷ್ಟವಲ್ಲ. ಸುತ್ತಲೂ ಕೆಂಪು ರಕ್ತಕಣಗಳು ತೇಲುತ್ತಿರುವಾಗ ಮಗು ಹಿಂದೆ ನೋಡುತ್ತೆ, ಮೇಲೆ ನೋಡುತ್ತೆ, ಕೈ ಚಾಚಿ ಹಿಡಿಯಲು ಹೋಗುತ್ತೆ. ಕಿವಿಯಲ್ಲಿ ಬರುತ್ತಿರುವ ವಿವರಣೆ ಸುಮ್ನೆ ಹರಿದು ಹೋಗುತ್ತೆ. ಒಂದೇ ಸಲಕ್ಕೆ ನಮ್ಮ ತಲೆ ಹಿಡಿದಿಟ್ಟುಕೊಳ್ಳುವುದು ಸ್ವಲ್ಪವೇ, ಅಲ್ವಾ?

ಪರಾಂಗ್ ಮತ್ತು ಮೇಯರ್ ಅಲ್ಲಿಗೇ ನಿಲ್ಲಿಸಲಿಲ್ಲ. ವಿಆರ್ ಪಾಠವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ನಂತರ ನೋಡಿದ್ದನ್ನು ತಮ್ಮ ಮಾತಿನಲ್ಲಿ ಬರೆಯಲು ಕೆಲವರಿಗೆ ಹೇಳಿದರು. ಹಾಗೆ ಬರೆದವರು ಬರೆಯದೆ ನೋಡಿದವರಿಗಿಂತ ಚೆನ್ನಾಗಿ ಕಲಿತರು, ಖುಷಿಯೂ ಕಡಿಮೆಯಾಗಲಿಲ್ಲ. ಹೆಡ್‌ಸೆಟ್ ತೆಗೆದ ಮೇಲಿನ ಹತ್ತು ನಿಮಿಷ ಎಷ್ಟು ಮುಖ್ಯ ಅಂತ ನನಗೆ ಮನವರಿಕೆ ಮಾಡಿಸಿದ್ದು ಈ ಅಧ್ಯಯನ. ಆ ಹತ್ತು ನಿಮಿಷ ಕೊಡದ ಶಾಲೆ ವಿಆರ್‌ಗೆ ದುಡ್ಡು ಕೇಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೃದಯದ ಪಾಠಕ್ಕೆ ವಿಆರ್ ನಿಜಕ್ಕೂ ಹೊಂದುತ್ತೆ. ಪುಸ್ತಕದ ಚಿತ್ರದಲ್ಲಿ ಹೃದಯ ನಮಗೆ ಎದುರಾಗಿ ಇರುತ್ತೆ. ಹಾಗಾಗಿ ಹೃದಯದ ಎಡಭಾಗ ಪುಟದ ಬಲಕ್ಕೆ ಬರುತ್ತೆ. ಎಷ್ಟೋ ಮಕ್ಕಳು ಇಲ್ಲೇ ಎಡವುತ್ತಾರೆ. ಎಡ ಹೃತ್ಕುಕ್ಷಿ (ಹೃದಯದ ಕೆಳಗಿನ ಕೋಣೆ) ಯಾಕೆ ಬಲಗಡೆ ಇದೆ ಅಂತ ಗೊತ್ತಾಗದೆ ಬಾಯಿಪಾಠ ಮಾಡಿಬಿಡುತ್ತಾರೆ. ವಿಆರ್‌ನಲ್ಲಿ ಹೃದಯದ ಹಿಂದೆ ಹೋಗಿ ನಿಲ್ಲಬಹುದು. ಆಗ ಎಡ ಎಡಕ್ಕೇ ಬರುತ್ತೆ, ಬಲ ಬಲಕ್ಕೆ. "ಹಿಂದೆ ಹೋಗಿ ನಿಂತು ನೋಡು, ಏನು ಬದಲಾಯಿತು ಹೇಳು" ಅಂತ ಮೇಷ್ಟ್ರು ಮೊದಲೇ ಹೇಳಿ ಕಳಿಸಿದ್ದರೆ ನಿಮ್ಮ ಮಗ ಅವತ್ತು ಬಾಯಿ ಬಿಡುತ್ತಿದ್ದ.

ಈಗಲೂ ತಡವಾಗಿಲ್ಲ. ಒಂದು ಖಾಲಿ ಹಾಳೆ ಕೊಡಿ. ನಾಲ್ಕು ಕೋಣೆ ಬರೆದು, ರಕ್ತ ಹರಿಯುವ ದಾರಿಗೆ ಬಾಣ ಹಾಕಲು ಹೇಳಿ. ಬಾಣ ಎಲ್ಲಿ ನಿಲ್ಲುತ್ತೋ ಅದನ್ನು ಮುಂದಿನ ಸಲ ಒಳಗೆ ಹೋದಾಗ ನೋಡಿಕೊಂಡು ಬರಲಿ.

ಶಾಲೆಯಲ್ಲಿ ಕೇಳಬೇಕಾದ್ದು ಇಷ್ಟೇ: ವರ್ಷಕ್ಕೆ ಎಷ್ಟು ಪಾಠ, ಒಂದೊಂದಕ್ಕೆ ಎಷ್ಟು ಹೊತ್ತು, ಆಮೇಲೆ ಮಕ್ಕಳು ಏನು ಮಾಡುತ್ತಾರೆ. ಯಾವ ಪಾಠಕ್ಕೆ ವಿಆರ್ ಬೇಕು ಅಂತ ಹೇಗೆ ಆರಿಸುತ್ತೀರಿ ಅಂತಲೂ ಕೇಳಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ ಇದಕ್ಕೆ ಒಂದು ಒಳ್ಳೆಯ ಅಳತೆ ಕೊಟ್ಟಿದ್ದಾರೆ. ನಿಜದಲ್ಲಿ ಮಾಡಿದರೆ ಅಪಾಯ, ಮಾಡಲು ಸಾಧ್ಯವೇ ಇಲ್ಲ, ಮಾಡಿದರೆ ಹಾನಿ, ಇಲ್ಲವೇ ತುಂಬಾ ಖರ್ಚು. ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ವಿಆರ್. ವೈದ್ಯಕೀಯದಲ್ಲಿ ಅದು ಗೆದ್ದದ್ದು ಇದೇ ಕಾರಣಕ್ಕೆ. ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ 2002ರ ಒಂದು ಅಧ್ಯಯನದಲ್ಲಿ, ವಿಆರ್‌ನಲ್ಲಿ ಅಭ್ಯಾಸ ಮಾಡಿದ ಕಿರಿಯ ಸರ್ಜನ್‌ಗಳು ಪಿತ್ತಕೋಶದ ಆಪರೇಷನ್ನಿನಲ್ಲಿ ಅದನ್ನು ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇ 29ರಷ್ಟು ಬೇಗ ಮಾಡಿದರು, ತಪ್ಪುಗಳೂ ಬಹಳ ಕಡಿಮೆಯಾದವು. ಅಲ್ಲಿ ಅವರು ನೋಡುತ್ತಾ ಕೂತಿರಲಿಲ್ಲ, ಕೈಯಿಂದ ಮಾಡಿ ಮಾಡಿ ಕಲಿತಿದ್ದರು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ದಾನಿಗಳು ನಾಲ್ಕು ವಿಆರ್ ಹೆಡ್‌ಸೆಟ್ ಕೊಟ್ಟಿದ್ದಾರೆ. ಕ್ಲಾಸಿನಲ್ಲಿ 45 ಮಕ್ಕಳು, ಕನ್ನಡ ಮಾಧ್ಯಮ. ಇರುವ ಪಾಠಗಳೆಲ್ಲ ಇಂಗ್ಲಿಷ್‌ನಲ್ಲಿವೆ. ಬೀರುವಿನಲ್ಲೇ ಇಟ್ಟಿದ್ದೇವೆ. ಏನು ಮಾಡಲಿ ಸರ್?
— ಒಬ್ಬ ಶಿಕ್ಷಕ, ಯಲಹಂಕ

ಉತ್ತರ: ಮೇಷ್ಟ್ರೇ, ಬೀರುವಿನಿಂದ ಹೊರಗೆ ತೆಗೆಯಿರಿ. ಆದರೆ 45 ಮಕ್ಕಳಿಗೂ ಒಂದೇ ಪೀರಿಯಡ್‌ನಲ್ಲಿ ತೋರಿಸಲು ಹೋಗಬೇಡಿ. ಒಬ್ಬೊಬ್ಬರಿಗೆ ಪಟ್ಟಿ ಬಿಗಿದು, ಲೆನ್ಸ್ ಸರಿಮಾಡುವುದರಲ್ಲೇ ಗಂಟೆ ಹೊಡೆಯುತ್ತೆ.

ಜೋಡಿ ಮಾಡಿ. ಒಬ್ಬರು ಹೆಡ್‌ಸೆಟ್ ಹಾಕಿಕೊಂಡು ಕುರ್ಚಿಯಲ್ಲಿ ಕೂರಲಿ. ಇನ್ನೊಬ್ಬರು ಪಕ್ಕದಲ್ಲಿ ಪುಸ್ತಕ ಹಿಡಿದು ಪ್ರಶ್ನೆ ಕೇಳಲಿ. "ಏನು ಕಾಣ್ತಿದೆ? ಬಣ್ಣ ಯಾವುದು? ಎಷ್ಟು ಇವೆ?" ಹಾಕಿಕೊಂಡವರು ಹೇಳಿದ್ದನ್ನು ಪಕ್ಕದವರು ಬರೆಯಬೇಕು. ಐದಾರು ನಿಮಿಷಕ್ಕೆ ಅದಲುಬದಲು. ಕಂಡದ್ದನ್ನು ಕಾಣದವರಿಗೆ ವಿವರಿಸುವಾಗಲೇ ಮಕ್ಕಳು ಸರಿಯಾಗಿ ನೋಡಲು ಶುರು ಮಾಡುತ್ತಾರೆ. ಒಂದು ಸಲಕ್ಕೆ ಎಂಟು ಮಕ್ಕಳಾದರು. ಉಳಿದವರಿಗೆ ಅದೇ ವಿಷಯದ ಬೇರೆ ಕೆಲಸ ಕೊಡಿ: ಮೈಕ್ರೋಸ್ಕೋಪ್, ಮಾದರಿ, ಚಿತ್ರ. ವಾರದಲ್ಲಿ ಎಲ್ಲರ ಸರದಿ ಬರಲಿ. ಸ್ಮಾರ್ಟ್ ಟಿವಿ ಇದ್ದರೆ ಹೆಡ್‌ಸೆಟ್ಟಿನೊಳಗೆ ಕಾಣುವುದನ್ನು ಅದರ ಮೇಲೂ ಬಿಡಬಹುದು.

ಭಾಷೆಯ ವಿಷಯಕ್ಕೆ ಹೆದರಬೇಡಿ. ಸೌಂಡ್ ಪೂರ್ತಿ ಬಂದ್ ಮಾಡಿ, ವಿವರಣೆ ನೀವೇ ಕನ್ನಡದಲ್ಲಿ ಕೊಡಿ. ನಿಮ್ಮ ದನಿಗೆ ಒಂದು ಅನುಕೂಲ ಇದೆ. ಮಕ್ಕಳು ಎಲ್ಲಿ ಗಲಿಬಿಲಿಯಾದರು ಅಂತ ನೋಡಿ ನೀವು ನಿಲ್ಲಿಸಬಹುದು, ರೆಕಾರ್ಡ್ ಆದ ದನಿ ನಿಲ್ಲಿಸಲ್ಲ.

ಯಾವ ಪಾಠ? ಸೌರಮಂಡಲ, ಜ್ವಾಲಾಮುಖಿ, ಹವಳದ ದಿಬ್ಬ, ಜೀವಕೋಶ. ಶಿಲೆಗಳ ಪಾಠಕ್ಕೆ ಮಾತ್ರ ದಯವಿಟ್ಟು ಬೇಡ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಮಕ್ಕಳು ಅದರ ಮೇಲೆ ಕೂತು ಅಂಗೈ ಒತ್ತಿ ನೋಡಬಹುದು. ಸ್ಟೀಮ್ ಎಂಜಿನ್ ಹೇಗೆ ತಿರುಗುತ್ತೆ ಅನ್ನುವುದಕ್ಕೂ ಬೇಡ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ನಮ್ಮ ಊರಲ್ಲೇ ಮುಟ್ಟಿ ನೋಡಲು ಸಿಗುವುದನ್ನು ಕನ್ನಡಕದೊಳಗೆ ತೋರಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಒಂದೇ ಆಪ್ ನಂಬಿ ವರ್ಷದ ಪಾಠ ಯೋಜನೆ ಮಾಡಬೇಡಿ. ರಟ್ಟಿನ ಡಬ್ಬಿಗೆ ಮೊಬೈಲ್ ಸಿಕ್ಕಿಸಿ ನೋಡುವ ಗೂಗಲ್ ಕಾರ್ಡ್‌ಬೋರ್ಡ್ 2014ರಲ್ಲಿ ಬಂತು. ಅದರ ಜೊತೆ ಬಳಸುತ್ತಿದ್ದ ಎಕ್ಸ್‌ಪೆಡಿಷನ್ಸ್ ಆಪ್ 2021ರಲ್ಲಿ ನಿಂತೇ ಹೋಯಿತು, ಅದನ್ನೇ ನೆಚ್ಚಿಕೊಂಡ ಶಿಕ್ಷಕರು ಬೇರೆ ದಾರಿ ಹುಡುಕಬೇಕಾಯಿತು. ಹೆಡ್‌ಸೆಟ್ ಕೈಕೊಟ್ಟ ದಿನಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳನ್ನು (ಪರದೆಯ ಮೇಲೇ ಮಾಡಿ ನೋಡುವ ವಿಜ್ಞಾನದ ಪ್ರಯೋಗಗಳು) ಕಂಪ್ಯೂಟರಿನಲ್ಲಿ ಸಿದ್ಧ ಇಟ್ಟುಕೊಳ್ಳಿ. ಉಚಿತ, ಕನ್ನಡಕ್ಕೆ ಅನುವಾದವಾದವೂ ಇವೆ. ಅಮೃತಾ ವಿಶ್ವವಿದ್ಯಾಲಯ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸೇರಿ ಮಾಡಿದ ಓಲ್ಯಾಬ್ಸ್ ಎಂಬ ಆನ್‌ಲೈನ್ ಪ್ರಯೋಗಾಲಯದಲ್ಲಿ ಒಂಬತ್ತು, ಹತ್ತನೇ ತರಗತಿಯ ಪ್ರಯೋಗಗಳಿವೆ.

ಇನ್ನೊಂದು ಮಾತು. ಹೆಡ್‌ಸೆಟ್ಟನ್ನು ಕಿಟಕಿ ಪಕ್ಕ ಬಿಸಿಲಿಗೆ ಲೆನ್ಸ್ ಕಾಣುವಂತೆ ಇಡಬೇಡಿ. ಲೆನ್ಸ್ ಬಿಸಿಲನ್ನು ಒಂದೇ ಕಡೆ ಸೇರಿಸಿ ಒಳಗಿನ ಪರದೆ ಸುಟ್ಟುಬಿಡುತ್ತೆ. ಮುಖಕ್ಕೆ ತಾಗುವ ಪಟ್ಟಿಯನ್ನು ಪ್ರತಿ ಮಗುವಿನ ನಂತರ ಒರೆಸಿ. ಕಣ್ಣು ಕೆಂಪಾದ ಮಗುವಿಗೆ ಅವತ್ತು ಬೇಡ.

ಪ್ರಶ್ನೆ: ಬಿ.ಎಡ್ ಓದುತ್ತಿದ್ದೇನೆ. ಪ್ರಾಕ್ಟೀಸ್ ಟೀಚಿಂಗ್ ಅಂದರೆ ಕೈಕಾಲು ನಡುಗುತ್ತೆ. ಅವತಾರ್ ಮಕ್ಕಳಿಗೆ ಪಾಠ ಮಾಡಿ ಅಭ್ಯಾಸ ಮಾಡಬಹುದು ಅಂತ ಕೇಳಿದೆ. ನಿಜವಾಗಲೂ ಉಪಯೋಗ ಇದೆಯಾ?
— ಒಬ್ಬ ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಇದೆ. ಅವತಾರ್‌ಗಳಿಂದ ಶಿಕ್ಷಣಕ್ಕೆ ಆಗಿರುವ ಉಪಕಾರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದವರು ಟೀಚ್‌ಲೈವ್ ಅಂತ ಒಂದು ವ್ಯವಸ್ಥೆ ಮಾಡಿದರು. ದೊಡ್ಡ ಪರದೆಯ ಮೇಲೆ ಕೆಲವು ಅವತಾರ್ ವಿದ್ಯಾರ್ಥಿಗಳು. ಒಬ್ಬ ತೂಕಡಿಸುತ್ತಾನೆ, ಒಬ್ಬಳು ಮಧ್ಯೆ ಬಾಯಿ ಹಾಕುತ್ತಾಳೆ. ಹಿಂದೆ ಕೂತ ತರಬೇತಾದ ವ್ಯಕ್ತಿಯೊಬ್ಬರು ಅವರೆಲ್ಲರ ದನಿಯಾಗಿ ಮಾತಾಡುತ್ತಾರೆ. ಹತ್ತು ನಿಮಿಷದ ನಾಲ್ಕೇ ಸರದಿಗಳಲ್ಲಿ ಶಿಕ್ಷಕರು ಪ್ರಶ್ನೆ ಕೇಳುವ ರೀತಿ ಸುಧಾರಿಸಿತು ಅಂತ ಅವರ ಅಧ್ಯಯನ ಹೇಳುತ್ತೆ. ಪಾಠ ಕೆಟ್ಟರೆ ಯಾವ ಮಗುವಿಗೂ ನಷ್ಟವಿಲ್ಲ. ಅದೇ ಎರಡು ನಿಮಿಷವನ್ನು ಮತ್ತೆ ಮೊದಲಿಂದ ಮಾಡಬಹುದು.

ನಮ್ಮ ಅವತಾರ್ ನಮ್ಮ ನಡತೆಯನ್ನೂ ಬದಲಿಸುತ್ತೆ. 2007ರಲ್ಲಿ ನಿಕ್ ಯೀ ಮತ್ತು ಬೇಲೆನ್ಸನ್ ತೋರಿಸಿದಂತೆ, ಎತ್ತರದ ಅವತಾರ್ ಸಿಕ್ಕವರು ಚೌಕಾಸಿಯಲ್ಲಿ ಹೆಚ್ಚು ಧೈರ್ಯ ತೋರಿದರು. ಆದರೆ ಆ ಧೈರ್ಯವನ್ನೇ ನಂಬಿಕೊಂಡು ಕೂರಬೇಡಿ. ಅವತಾರ್ ಮುಖದಲ್ಲಿ ಮಗುವಿನ ಹುಬ್ಬು ಗಂಟಿಕ್ಕುವುದು, ಅರ್ಥವಾಗದೆ ಪಕ್ಕದವನ ಪುಸ್ತಕ ಇಣುಕುವುದು ಸರಿಯಾಗಿ ಕಾಣಲ್ಲ. ಅದನ್ನು ಕಲಿಯಲು ನಿಜವಾದ ಕ್ಲಾಸೇ ಬೇಕು.

ಇಂಥ ವ್ಯವಸ್ಥೆ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಚಿಂತೆ ಬೇಡ. ನಾಲ್ಕು ಜನ ಸಹಪಾಠಿಗಳಿಗೆ ಒಂದೊಂದು ಪಾತ್ರ ಕೊಡಿ. ಒಬ್ಬರು ಹೋಂವರ್ಕ್ ತರದವರು, ಒಬ್ಬರು ಎಲ್ಲದಕ್ಕೂ "ಗೊತ್ತು ಮಿಸ್" ಅನ್ನುವವರು. ಪಾಠದ ಮೊದಲ ಐದು ನಿಮಿಷವನ್ನಷ್ಟೇ ಮಾಡಿ, ನಿಲ್ಲಿಸಿ, ಅವರ ಮಾತು ಕೇಳಿ, ಮತ್ತೆ ಮಾಡಿ.

ಪ್ರಶ್ನೆ: ಒಂಬತ್ತು ವರ್ಷದ ಮೊಮ್ಮಗಳು ಓದಿಗೆ ಅಂತ ಹೆಡ್‌ಸೆಟ್ ಕೇಳುತ್ತಿದ್ದಾಳೆ. ನೆಂಟರ ಮನೆಯಲ್ಲಿ ಹಾಕಿಕೊಂಡಾಗ ತಲೆ ಸುತ್ತಿ ವಾಂತಿ ಬಂದ ಹಾಗಾಯಿತಂತೆ. ಕೊಡಿಸಲಾ?
— ಒಬ್ಬ ಅಜ್ಜ, ಜಯನಗರ

ಉತ್ತರ: ಈಗ ಬೇಡ, ಸರ್. ಮೆಟಾ ಕಂಪನಿಯೇ ತನ್ನ ಹೆಡ್‌ಸೆಟ್‌ಗೆ ಹತ್ತು ವರ್ಷದ ಮಿತಿ ಇಟ್ಟಿದೆ. 2023ರವರೆಗೆ ಅದು 13 ಇತ್ತು. ಪುಟ್ಟ ಮಕ್ಕಳ ಎರಡು ಕಣ್ಣುಗಳ ನಡುವಿನ ಅಂತರವೂ ಕಡಿಮೆ. ಉದಾಹರಣೆಗೆ ಕ್ವೆಸ್ಟ್ 2 ಹೆಡ್‌ಸೆಟ್ಟಿನ ಲೆನ್ಸ್‌ಗಳು 58 ಮಿಲಿಮೀಟರಿಗಿಂತ ಹತ್ತಿರ ಬರಲ್ಲ. ಅಂತರ ಹೊಂದದಿದ್ದರೆ ಚಿತ್ರ ಮಸುಕಾಗಿ ಕಣ್ಣು ಸೋಲುತ್ತೆ.

ತಲೆ ಸುತ್ತುವುದು ಆಗುಂಬೆ ಘಾಟಿಯ ಬಸ್ಸಿನಲ್ಲಿ ಆಗುವ ಹಾಗೇ. ಕಣ್ಣಿಗೆ ಓಡುತ್ತಿರುವಂತೆ ಕಾಣುತ್ತೆ, ಕಿವಿಯೊಳಗಿನ ಸಮತೋಲನದ ಅಂಗ ಇಲ್ಲ ಅನ್ನುತ್ತೆ. ಮುಂದೆ ಎಂದಾದರೂ ಹಾಕಿಕೊಂಡರೆ ಕೂತು ನೋಡುವ, ತಾನಾಗಿ ಜಾರದ ದೃಶ್ಯಗಳನ್ನೇ ಆರಿಸಲಿ. ಸಂಕಟ ಅನ್ನಿಸಿದ ತಕ್ಷಣ ತೆಗೆಯಬೇಕು. ಅಭ್ಯಾಸ ಆಗುತ್ತೆ ಅಂತ ತಡೆದುಕೊಳ್ಳುವುದು ಬೇಡ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಹೆಡ್‌ಸೆಟ್ ತಲೆ, ಕೈ ಅಲುಗುವುದನ್ನೆಲ್ಲ ಲೆಕ್ಕ ಇಡುತ್ತೆ. ಸ್ಟ್ಯಾನ್‌ಫರ್ಡ್‌ನವರು 2020ರಲ್ಲಿ 511 ಜನರ ಮೇಲೆ ನೋಡಿದಾಗ, ಐದು ನಿಮಿಷಕ್ಕೂ ಕಡಿಮೆ ಚಲನೆಯ ಮಾಹಿತಿಯಿಂದಲೇ ಶೇ 95ರಷ್ಟು ಸರಿಯಾಗಿ ಯಾರು ಯಾರೆಂದು ಗುರುತು ಹಿಡಿಯಲು ಆಯಿತು. ನಮ್ಮ ದೇಶದ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುವುದು ಅದರ ಮೂಲ ನಿಯಮ. ಹಾಗಾಗಿ ಮೊಮ್ಮಗಳ ಶಾಲೆಯಿಂದ ವಿಆರ್ ಲ್ಯಾಬಿನ ಒಪ್ಪಿಗೆ ಪತ್ರ ಬಂದರೆ ಯಾವ ಮಾಹಿತಿ ತೆಗೆದುಕೊಳ್ಳುತ್ತಾರೆ, ಎಲ್ಲಿ ಇಡುತ್ತಾರೆ, ಯಾವಾಗ ಅಳಿಸುತ್ತಾರೆ ಅಂತ ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿಕೊಂಡು ಆಮೇಲೆ ಸಹಿ ಹಾಕಲು ಅವಳ ಅಪ್ಪ-ಅಮ್ಮನಿಗೆ ಹೇಳಿ.