ಒಡೆದ ಕಂಚು ಕಲಬೆರಕೆಯದಲ್ಲ

ಪುಣೆಯ ಕೋಥ್ರೂಡಿನಿಂದ ಓದುಗರೊಬ್ಬರು ಬರೆದಿದ್ದಾರೆ: "ಅತ್ತೆಯವರು ಉಡುಪಿಯಿಂದ ತಂದಿದ್ದ ಕಂಚಿನ ತಟ್ಟೆ ಕೈಜಾರಿ ಬಿದ್ದು ಅಂಚಿನಿಂದ ಒಳಕ್ಕೆ ಸೀಳಿತು. ಕಸಬಾ ಪೇಟೆಯಲ್ಲಿ ತಾಮ್ರಗಾರರ ಓಣಿಯಾದ ತಾಂಬಟ್ ಆಳಿಗೆ ಒಯ್ದರೆ, ದಿನವಿಡೀ ತಾಮ್ರ ಬಡಿಯುವವರು ಇದನ್ನು ಮುಟ್ಟಲು ಒಪ್ಪಲಿಲ್ಲ. ಅಸಲಿ ಕಂಚು ಒಡೆಯುವುದಿಲ್ಲ, ಇದರಲ್ಲಿ ಏನೋ ಬೆರಕೆಯಿದೆ ಎಂದು ನೆರೆಮನೆಯವರು ಹೇಳುತ್ತಾರೆ. ತಾಮ್ರವೂ ಮೆದು, ತವರವೂ ಮೆದು. ಎರಡು ಮೆದು ಲೋಹ ಸೇರಿದರೆ ಹೀಗೆ ಸೀಳುವ ವಸ್ತು ಹೇಗಾಗುತ್ತದೆ?"

ಸೋದರಿ, ನಿಮ್ಮ ತಟ್ಟೆ ಸೀಳಿದ್ದು ಅದು ಅಸಲಿ ಕಂಚು ಎಂಬುದಕ್ಕೇ ಹೆಚ್ಚು ಸಾಕ್ಷಿ. ತಾಂಬಟ್ ಆಳಿಯವರು ಒಪ್ಪದಿದ್ದುದೂ ಸರಿಯೇ. ತಣ್ಣಗಿರುವಾಗ ಸುತ್ತಿಗೆಯ ಪೆಟ್ಟು ಬಿದ್ದರೆ ಬಿರುಕು ಇನ್ನಷ್ಟು ಓಡುತ್ತಿತ್ತು.

ಬೆರೆತ ಲೋಹಕ್ಕೆ ಎರಡರ ಗುಣವೂ ಅರ್ಧರ್ಧ ಬರಬೇಕೆಂದು ನಾವು ಎಣಿಸುತ್ತೇವೆ. ಹಾಗಾಗುವುದಿಲ್ಲ. ಶುದ್ಧ ತಾಮ್ರದಲ್ಲಿ ಪರಮಾಣುಗಳು ಪದರದ ಮೇಲೆ ಪದರವಾಗಿ ಕ್ರಮದಲ್ಲಿ ಕೂತಿರುತ್ತವೆ. ಪೆಟ್ಟು ಬಿದ್ದಾಗ ಪದರಗಳು ಜಾರುತ್ತವೆ; ತಗಡು ಬಾಗುತ್ತದೆ. ಅಷ್ಟು ಸುಲಭವಾಗಿ ಜಾರುವುದೇಕೆ ಎಂಬುದಕ್ಕೆ 1934ರಲ್ಲಿ ಜೆಫ್ರಿ ಟೇಲರ್, ಎಗಾನ್ ಒರೊವಾನ್, ಮೈಕೆಲ್ ಪೊಲಾನ್ಯಿ ಮೂವರೂ ಬೇರೆಬೇರೆಯಾಗಿ ಒಂದೇ ಉತ್ತರ ಕಂಡುಕೊಂಡರು. ಪರಮಾಣುಗಳ ಸಾಲಿನಲ್ಲಿ ಅಲ್ಲಲ್ಲಿ ಕ್ರಮ ತಪ್ಪಿದ ಎಡೆಗಳಿರುತ್ತವೆ. ಹಾಸಿದ ಜಮಖಾನೆಯ ಸುಕ್ಕನ್ನು ಕಾಲಿನಿಂದ ತಳ್ಳುತ್ತ ಹೋದರೆ ಇಡೀ ಜಮಖಾನೆ ಸ್ವಲ್ಪ ಸರಿಯುತ್ತದಲ್ಲ, ಹಾಗೆ ಆ ದೋಷ ಸಾಗಿದಂತೆ ಪದರವೂ ಜಾರುತ್ತದೆ.

ತವರದ ಪರಮಾಣು ತಾಮ್ರದ್ದಕ್ಕಿಂತ ದೊಡ್ಡದು. ಅದು ತಾಮ್ರದ ಜಾಗದಲ್ಲಿ ಕೂತರೆ ಸುತ್ತಲಿನ ಸಾಲು ಸೊಟ್ಟಗಾಗುತ್ತದೆ, ಸಾಗಿ ಬಂದ ದೋಷ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಲೋಹ ಗಡುಸಾಗುತ್ತದೆ. ನಮ್ಮ ಮುಂಬಯಿಯ ಜವೇರಿ ಬಜಾರಿನಲ್ಲಿ ನಡೆಯುವುದೂ ಇದೇ. 22 ಕ್ಯಾರೆಟ್ ಎಂದರೆ ಶೇಕಡಾ 91.6 ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ, ಬೆಳ್ಳಿ. ಬೆಳ್ಳಿಯ ಪರಮಾಣು ಗಾತ್ರದಲ್ಲಿ ಚಿನ್ನದ್ದಕ್ಕೆ ಹೆಚ್ಚುಕಡಿಮೆ ಸಮ. ತಾಮ್ರದ್ದು ಚಿಕ್ಕದು, ಆದ್ದರಿಂದ ಚಿನ್ನವನ್ನು ಗಡುಸು ಮಾಡುವುದರಲ್ಲಿ ತಾಮ್ರವೇ ಮುಂದು. ಒಡವೆಯನ್ನು ಯಾರೂ ಕಲಬೆರಕೆ ಎನ್ನುವುದಿಲ್ಲ, ಕಂಚನ್ನೂ ಅನ್ನಬಾರದು.

ನನಗೆ ತುಂಬ ಪ್ರಿಯವಾದ ಭಾಗ ಇನ್ನು ಮುಂದಿನದು. ಊಟದ ಕಂಚಿನಲ್ಲಿ ಸಾಮಾನ್ಯವಾಗಿ 78 ಪಾಲು ತಾಮ್ರ, 22 ಪಾಲು ತವರ. ಗಂಟೆಯ ಕಂಚಿಗೂ ಹೆಚ್ಚುಕಡಿಮೆ ಇದೇ ಪಾಕ. ಆದರೆ ತಾಮ್ರದ ಸಾಲಿನೊಳಗೆ ಹಿಡಿಸುವ ತವರ ಹೆಚ್ಚೆಂದರೆ ಶೇಕಡಾ 16ರ ಒಳಗೆ. ಮಿಕ್ಕದ್ದು ತಾಮ್ರದೊಡನೆ ಸೇರಿ ಬೇರೆಯದೇ ಜೋಡಣೆಯ ಸ್ಫಟಿಕ ಕಟ್ಟುತ್ತದೆ. ಅದು ಬಲು ಗಡುಸು. ಅದರಲ್ಲಿ ಪದರಗಳು ಜಾರುವುದೇ ಇಲ್ಲವೆನ್ನಬೇಕು. ಪೆಟ್ಟು ಬಿದ್ದರೆ ಬಾಗಿ ತಾಳಿಕೊಳ್ಳುವ ದಾರಿಯಿಲ್ಲದೆ ಸೀಳುತ್ತದೆ. ಕಂಚಿನ ನಾದ ಹುಟ್ಟುವುದೂ ಇಲ್ಲಿಂದಲೇ. ಮೆದು ಲೋಹದಲ್ಲಿ ಒಳಗಿನ ದೋಷಗಳು ಕದಲುತ್ತ ಕಂಪನವನ್ನು ಬೇಗ ನುಂಗುತ್ತವೆ; ಇಲ್ಲಿ ಅವು ಕದಲುವುದಿಲ್ಲ, ಕಂಪನ ಬಹಳ ಹೊತ್ತು ಉಳಿಯುತ್ತದೆ. ಭಾಗವತರ ಜಾಗಟೆ ಮೊಳಗುವುದೂ ನಿಮ್ಮ ತಟ್ಟೆ ಸೀಳಿದ್ದೂ ಒಂದೇ ಕಾರಣಕ್ಕೆ.

ಹಿತ್ತಾಳೆಯಾಗಿದ್ದರೆ ನೆಗ್ಗುತ್ತಿತ್ತು, ಅಷ್ಟೇ. 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆಯಲ್ಲಿ ಸತುವೆಲ್ಲ ತಾಮ್ರದ ಸಾಲಿನೊಳಗೇ ಹಿಡಿಸುತ್ತದೆ. ಸೀಳಿದ ತಟ್ಟೆಯಲ್ಲಿ ನಾದ ಉಳಿದಿರುವುದಿಲ್ಲ; ಅದರ ಜೊತೆಯ ಬಟ್ಟಲು ಇದ್ದರೆ ಬೆರಳಿನ ಗೆಣ್ಣಿನಿಂದ ತಟ್ಟಿ ನೆರೆಮನೆಯವರಿಗೆ ಕೇಳಿಸಿ.

ಹಾಗಾದರೆ ಇಂಥ ಲೋಹವನ್ನು ತಟ್ಟೆಯಾಗಿ ಬಡಿಯುವುದು ಹೇಗೆ? ಕಂಚುಗಾರರು ಅದನ್ನು ಕೆಂಪಗೆ ಕಾಯಿಸಿಯೇ ಬಡಿಯುತ್ತಾರೆ. ಆ ಕಾವಿನಲ್ಲಿ ಗಡುಸು ಸ್ಫಟಿಕ ಇರುವುದಿಲ್ಲ, ಬಡಿತಕ್ಕೆ ಒಗ್ಗುವ ಇನ್ನೊಂದು ಜೋಡಣೆ ಇರುತ್ತದೆ. ಕೆಂಪಗಿರುವಾಗಲೇ ನೀರಿಗೆ ಅದ್ದಿದರೆ ಆ ಜೋಡಣೆ ಬಹುಮಟ್ಟಿಗೆ ಉಳಿದು ಪಾತ್ರೆ ತಾಳಿಕೆಯದಾಗುತ್ತದೆ. ಉಕ್ಕನ್ನು ಹಾಗೆ ಅದ್ದಿದರೆ ಪೆಡಸಾಗುತ್ತದೆ. ಕಂಚಿನದು ಅದಕ್ಕೆ ತಿರುಗುಮುರುಗು. ಸ್ಫಟಿಕವನ್ನು ಕಣ್ಣಿನಿಂದ ಕಾಣಲಾಗದ ಕಾಲದಲ್ಲಿ, ಬೆಂಕಿಯ ಬಣ್ಣವನ್ನಷ್ಟೇ ನೋಡಿ ಇದನ್ನು ಕಂಡುಕೊಂಡವರ ಬಗ್ಗೆ ನನಗೆ ಅಪಾರ ಗೌರವವಿದೆ. ನಿಮ್ಮದು ಅಚ್ಚಿಗೆ ಎರಕ ಹೊಯ್ದು ನಿಧಾನವಾಗಿ ಆರಿದ ತಟ್ಟೆಯಾಗಿದ್ದರೆ ಸೀಳುವ ಸಂಭವ ಇನ್ನೂ ಹೆಚ್ಚು.

ತಟ್ಟೆಯನ್ನು ಗುಜರಿಗೆ ಹಾಕಬೇಡಿ. ಬಿರುಕು ನಿಂತ ತುದಿಯಲ್ಲಿ ಸಣ್ಣದೊಂದು ರಂಧ್ರ ಕೊರೆಸಿ. ಚೂಪಾದ ತುದಿಯಲ್ಲಿ ಒಟ್ಟುಗೂಡುವ ಒತ್ತಡ ದುಂಡನೆಯ ಅಂಚಿನಲ್ಲಿ ಹರಡಿಹೋಗುವುದರಿಂದ ಬಿರುಕು ಸುಲಭವಾಗಿ ಮುಂದುವರಿಯುವುದಿಲ್ಲ. ಹೂವು ಹಣ್ಣು ಇಡಲು ಬಳಸಬಹುದು. ಊಟಕ್ಕೇ ಬೇಕೆಂದರೆ ಊರಿಗೆ ಹೋದಾಗ ಕಂಚುಗಾರರಲ್ಲಿ ಕರಗಿಸಿ ಹೊಸದು ಮಾಡಿಸಿ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಈ ಕಂಚು ಅದಕ್ಕಿಂತ ಸುಮಾರು 200 ಡಿಗ್ರಿ ಕೆಳಗೇ ಕರಗುತ್ತದೆ. ಕೊಡುವ ಮೊದಲು ತೂಕ ಹಾಕಿಸಿ ಬರೆದಿಟ್ಟುಕೊಳ್ಳಿ.

— ಸಂಪಾದಕ