ಬಾಳೆಗೊನೆ ಆಲ್ಬಮ್ಮಿನ ಕೊನೆಯ ಒಂದೂವರೆ ನಿಮಿಷ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಬಗ್ಗೆ ಬಂದ ಲೇಖನ 1972ಕ್ಕೇ ನಿಂತುಬಿಟ್ಟಿದೆ. ಆಮೇಲೆ ಅವರು ಏನೂ ಮಾಡಲೇ ಇಲ್ಲವಾ? 2003ರ ‘ಬನಾನಾಸ್’ ಆಲ್ಬಮ್ಮಿನ ‘ಕಾಂಟ್ಯಾಕ್ಟ್ ಲಾಸ್ಟ್’ ಕೇಳಿ ನನಗೆ ಕಣ್ಣು ತುಂಬಿ ಬಂತು. ಗೆಳೆಯರು ಮಾತ್ರ, ‘ನಿನಗೆ ಕಲ್ಪನಾ ಚಾವ್ಲಾ ಕಥೆ ಗೊತ್ತಿದೆ, ಅದಕ್ಕೇ ಹಾಗನ್ನಿಸುತ್ತೆ’ ಅನ್ನುತ್ತಾರೆ. ನಿಜವಾ?

ಸಂಪಾದಕರ ಉತ್ತರ: ಮೊದಲ ಮಾತಿಗೆ ಮೊದಲು ಉತ್ತರ. ತಪ್ಪು ನಮ್ಮದೇ. ಹಳೇ ಬ್ಯಾಂಡ್ ಅಂದ ಕೂಡಲೇ ಹಳೇ ಹಾಡನ್ನೇ ಹಿಡಿದು ಕೂರುತ್ತೇವೆ. ‘ಬನಾನಾಸ್’ಗಂತೂ ಹೊರಗಿನ ರೂಪವೇ ಅಡ್ಡ ಬಂತು. ಅಂಥ ಹೆಸರು, ಮುಖಪುಟದಲ್ಲಿ ಸೈಕಲ್ ತುಂಬಾ ಬಾಳೆಗೊನೆ. ಮೇಲಾಗಿ ಕೀಬೋರ್ಡಿನ ಜಾನ್ ಲಾರ್ಡ್ ಹಿಂದಿನ ವರ್ಷವಷ್ಟೇ ಬ್ಯಾಂಡ್ ಬಿಟ್ಟಿದ್ದರು, ಆ ಜಾಗಕ್ಕೆ ಡಾನ್ ಏರಿ ಬಂದಿದ್ದರು. ಜಾಸ್ತಿ ಜನ ಕೊನೆಯವರೆಗೆ ಕೇಳಲೇ ಇಲ್ಲ. ಈ ತುಣುಕು ಇರೋದು ಆ ಕೊನೆಯಲ್ಲೇ.

ಇನ್ನು ನಿಮ್ಮ ಗೆಳೆಯರ ಮಾತು. ನಾನು ‘ಕಾಂಟ್ಯಾಕ್ಟ್ ಲಾಸ್ಟ್’ ಮೊದಲು ಕೇಳಿದಾಗ ನನಗೆ ಯಾವ ಕಥೆಯೂ ಗೊತ್ತಿರಲಿಲ್ಲ. ಸಿಡಿ ಹಾಕಿ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಅಲ್ಲಿಯವರೆಗೆ ಹಾಡುಗಳು ಅವುಗಳ ಪಾಡಿಗೆ ಓಡುತ್ತಿದ್ದವು. ಇದು ಶುರುವಾದಾಗ ಪಾತ್ರೆ ಕೆಳಗಿಟ್ಟು ನಿಂತುಬಿಟ್ಟೆ. ಹಾಡುವ ದನಿಯಿಲ್ಲ, ಗಿಟಾರಿನದೇ ಮಾತು. ಆಗ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಸ್ಟೀವ್ ಮೋರ್ಸ್ ಎಂಥ ವೇಗದ ಕೈ ಅಂತ ನಿಮಗೆ ಗೊತ್ತು. ಬೇಕೆಂದರೆ ಸ್ವರಗಳನ್ನು ಮಳೆಯ ಹಾಗೆ ಸುರಿಸಬಲ್ಲರು. ಇಲ್ಲಿ ಅವರು ಒಂದು ಸ್ವರ ಹಿಡಿದರೆ ಬಿಡಲು ಮನಸ್ಸೇ ಇಲ್ಲದವರಂತೆ ಎಳೆಯುತ್ತಾರೆ. ಅದು ಪೂರ್ತಿ ಆರುವ ತನಕ ಕಾದು ಮುಂದಿನದಕ್ಕೆ ಹೋಗುತ್ತಾರೆ. ಇನ್ನೇನು ಬೆಳೆಯುತ್ತೆ ಅಂದುಕೊಳ್ಳುವಾಗಲೇ ಮುಗಿದುಹೋಗುತ್ತದೆ. ಒಟ್ಟು 1 ನಿಮಿಷ 27 ಸೆಕೆಂಡು. ಬೇರೆ ಯಾರಾದರೂ ಆಗಿದ್ದರೆ ಇದನ್ನೇ ಆರು ನಿಮಿಷಕ್ಕೆ ಎಳೆಯುತ್ತಿದ್ದರು. ಎಳೆಯದೇ ಇದ್ದದ್ದೇ ಇದರ ದೊಡ್ಡತನ ಅಂತ ನನ್ನ ನಂಬಿಕೆ.

ಕಥೆ ತಿಳಿದದ್ದು ಆಮೇಲೆ. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾಗೆ ಡೀಪ್ ಪರ್ಪಲ್ ಅಂದರೆ ಪ್ರಾಣ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಹತ್ತಿದಾಗ ಅವರ ‘ಮಷೀನ್ ಹೆಡ್’ ಮತ್ತು ‘ಪರ್ಪೆಂಡಿಕ್ಯುಲರ್’ ಆಲ್ಬಮ್ಮುಗಳ ಸಿಡಿಗಳನ್ನೂ ಜೊತೆಗೆ ಒಯ್ದಿದ್ದರು. ಮೇಲಿನಿಂದಲೇ ಬ್ಯಾಂಡಿನವರ ಜೊತೆ ಇಮೇಲ್‌ನಲ್ಲಿ ಮಾತಾಡಿದ್ದರು. ಗಗನಯಾತ್ರಿಗಳನ್ನು ಎಬ್ಬಿಸಲು ಭೂಮಿಯಿಂದ ಹಾಡು ಹಾಕುವ ರೂಢಿ ಇದೆ ನೋಡಿ, ಕಲ್ಪನಾಗಾಗಿ ಹಾಕಿದ್ದು ಇದೇ ಬ್ಯಾಂಡಿನ ‘ಸ್ಪೇಸ್ ಟ್ರಕ್ಕಿನ್’. ಫೆಬ್ರವರಿ 1ರಂದು ವಾಪಸು ಬರುವಾಗ ನೌಕೆ ಟೆಕ್ಸಾಸ್ ಮೇಲೆ ಚೂರುಚೂರಾಯಿತು. ಜನವರಿಯಲ್ಲಿ ಮೇಲೇರುವಾಗಲೇ ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಎಡರೆಕ್ಕೆಗೆ ಬಡಿದು ತೂತಾಗಿತ್ತು. ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ‘ಬನಾನಾಸ್’ ಕೆಲಸ ನಡೆಯುತ್ತಿದ್ದ ದಿನಗಳವು. ಸುದ್ದಿ ಕೇಳಿದ ಮೋರ್ಸ್ ಇದನ್ನು ಬರೆದರು.

ಒಂದು ಮಾತು ಸೇರಿಸಲೇಬೇಕು. ಮೋರ್ಸ್ 1980ರ ದಶಕದ ಕೊನೆಯಲ್ಲಿ ಸ್ವಲ್ಪ ಕಾಲ ಸಂಗೀತ ಬಿಟ್ಟು ವಿಮಾನ ಕಂಪನಿಯಲ್ಲಿ ಪೈಲಟ್ ಆಗಿದ್ದವರು. ಸಂಪರ್ಕ ಕಡಿದುಹೋಯಿತು ಅಂದರೆ ಏನರ್ಥ ಅಂತ ಕಾಕ್‌ಪಿಟ್‌ನಲ್ಲಿ ಕೂತವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಸ್ವರಗಳ ನಡುವಿನ ಖಾಲಿ ಜಾಗ ನನಗೆ ಈಗ ಕೂಗಿ ಉತ್ತರಕ್ಕೆ ಕಾಯುವ ಹಾಗೇ ಕೇಳುತ್ತದೆ. ಹೌದು, ಇದು ಕಥೆ ಗೊತ್ತಾದ ಮೇಲೆ ಬಂದ ಅನ್ನಿಸಿಕೆ. ಆದರೆ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿದ್ದು ಗಿಟಾರೇ. ನಿಮ್ಮ ಗೆಳೆಯರಿಗೆ ಇದನ್ನೇ ಹೇಳಿ.

ಅವರನ್ನು ಒಂದು ಸಂಜೆ ಕೂರಿಸಿಕೊಂಡು ಹೀಗೆ ಕೇಳಿಸಿ. 1972ರ ‘ಮಷೀನ್ ಹೆಡ್’ ಆಲ್ಬಮ್ಮಿನ ಕೊನೆಯ ಹಾಡೇ ಆ ‘ಸ್ಪೇಸ್ ಟ್ರಕ್ಕಿನ್’. ಮೊದಲು ಅದನ್ನು ಹಾಕಿ: ನಕ್ಷತ್ರಗಳ ನಡುವೆ ಲಾರಿ ಓಡಿಸುವ ಹುಡುಗರ ಗದ್ದಲ, ಖುಷಿ. ಅದು ನಿಂತ ತಕ್ಷಣ 31 ವರ್ಷ ದಾಟಿ ‘ಬನಾನಾಸ್’ನ ಕೊನೆಗೆ ಬನ್ನಿ. ನಡುವೆ ಮಾತು ಬೇಡ.

ಆಮೇಲೂ ಸಮಯವಿದ್ದರೆ, 2011ರಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೋದಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸಿದ್ದನ್ನು ಕೇಳಿ. ಕಲ್ಪನಾ ಕೊಂಡೊಯ್ದ ‘ಮಷೀನ್ ಹೆಡ್’ ರೆಕಾರ್ಡ್ ಆದ ಊರು ಅದೇ. ಅಲ್ಲಿ ‘ಕಾಂಟ್ಯಾಕ್ಟ್ ಲಾಸ್ಟ್’ ಆದಮೇಲೆ ಬರೋದು ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’. ಅದೂ ಆ ಆಲ್ಬಮ್ಮಿಗೇ ರೆಕಾರ್ಡ್ ಮಾಡಿ, ಕೊನೆಗೆ ಸೇರಿಸದೆ ಬಿಟ್ಟಿದ್ದ ಹಾಡು. ಗಿಟಾರ್ ಸುಮ್ಮನಾಗುತ್ತದೆ, ಬ್ಯಾಂಡಿನ ಹಾಡುಗಾರ ಇಯಾನ್ ಗಿಲನ್ ಮೆಲ್ಲಗೆ ಹಾಡಲು ಶುರುಮಾಡುತ್ತಾರೆ.