ಮಾತ್ರೆ ಕೊಟ್ಟರೂ ಕೂಸಿನ ಟಿಎಸ್‌ಎಚ್ ಇಳಿಯುತ್ತಿಲ್ಲವೇ? ಮೊದಲು ಬಾಟಲಿ ನೋಡಿ

40 ದಿನದ ಕೂಸು, ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನಿನ ಕೊರತೆ, ಮೂರು ವಾರದಿಂದ ಥೈರಾಯ್ಡ್ ಮಾತ್ರೆ, ಟಿಎಸ್‌ಎಚ್ (ಆ ಹಾರ್ಮೋನು ಸಾಲದಾದಾಗ ರಕ್ತದಲ್ಲಿ ಏರುವ ಇನ್ನೊಂದು ಹಾರ್ಮೋನು) ಮಾತ್ರ ಇಳಿದಿಲ್ಲ. ಮಗು ನೋಡಲು ಚೆನ್ನಾಗಿಯೇ ಇದೆ, ಹಿಮ್ಮಡಿ ಚುಚ್ಚಿ ಮಾಡಿದ ಪರೀಕ್ಷೆಯೇ ತಪ್ಪಿರಬಹುದಾ, ಮಾತ್ರೆ ನಿಲ್ಲಿಸಿ ನೋಡಲಾ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ನಮ್ಮ ಮಗಳ ರಿಪೋರ್ಟೂ ಹೀಗೇ ಬಂದಿತ್ತು. ತಪ್ಪಿದ್ದು ಪರೀಕ್ಷೆಯಲ್ಲ, ನಾನು ಮಾತ್ರೆ ಕೊಡುತ್ತಿದ್ದ ರೀತಿ.

25 ಮೈಕ್ರೋಗ್ರಾಂನ ಒಂದೂವರೆ ಮಾತ್ರೆ ಪುಡಿ ಮಾಡಿ, 60 ಎಂಎಲ್ ಹಾಲಿದ್ದ ಬಾಟಲಿಗೆ ಹಾಕಿ, ಕುಲುಕಿ ಕುಡಿಸುತ್ತಿದ್ದೆ. ಅವಳು 40 ಎಂಎಲ್ ಕುಡಿದು ನಿದ್ದೆ ಹೋಗುತ್ತಿದ್ದಳು. ಉಳಿದ ಹಾಲಿನ ಜೊತೆ ಮೂರನೇ ಒಂದು ಪಾಲು ಮದ್ದೂ ಚೆಲ್ಲಿಹೋಗುತ್ತಿತ್ತು. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಮಾತ್ರೆಯಲ್ಲಿರುವ ಮದ್ದು ಲೆವೋಥೈರಾಕ್ಸಿನ್ ನೀರಿನಲ್ಲಿ ಕರಗುವುದೇ ಅತ್ಯಲ್ಪ. ಪುಡಿ ತಳಕ್ಕೆ ಕೂರುತ್ತದೆ, ಬಾಟಲಿಯ ಗೋಡೆಗೆ, ನಿಪ್ಪಲ್ಲಿಗೆ ಅಂಟುತ್ತದೆ. ಹುಟ್ಟುವಾಗ ತೂಕ ಕಡಿಮೆಯಿತ್ತೆಂದು ಕೊಟ್ಟಿದ್ದ ಕಬ್ಬಿಣಾಂಶದ ಡ್ರಾಪ್ಸನ್ನೂ ಅದೇ ಹೊತ್ತಿಗೆ ಹಾಕುತ್ತಿದ್ದೆ. ಕಬ್ಬಿಣ ಕರುಳಿನಲ್ಲೇ ಈ ಮದ್ದನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕ್ಯಾಲ್ಸಿಯಂ, ಸೋಯಾ ಹಾಲಿನ ಪುಡಿಯೂ ಹಾಗೆಯೇ. ಚೀಟಿಯಲ್ಲಿದ್ದದ್ದು 37.5 ಮೈಕ್ರೋಗ್ರಾಂ, ಮಗುವಿಗೆ ದಕ್ಕಿದ್ದು ದಿನಕ್ಕೊಂದು ಲೆಕ್ಕ. ಇದನ್ನು ನಾನು ಹೇಳಲಿಲ್ಲ, ಡಾಕ್ಟರಿಗೆ ಗೊತ್ತಾಗಲಿಲ್ಲ, ಡೋಸ್ ಸಾಲದೆಂದು ಏರಿಸಿದರು. ಆಮೇಲೆ ಕೊಡುವ ಕ್ರಮ ಸರಿಯಾದಾಗ ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗಿ ರಕ್ತದಲ್ಲಿ ಟಿ4 (ಥೈರಾಯ್ಡ್ ಹಾರ್ಮೋನು) ಮಿತಿ ಮೀರಿತು. ನಿದ್ದೆಯಿಲ್ಲ, ಒಂದೇ ಸಮನೆ ಅಳು, ಎದೆ ಡವಡವ. ಮೊದಲು ಕೊರತೆ, ಆಮೇಲೆ ಅತಿ. ಮಿದುಳು ಬೆಳೆಯುವ ವಾರಗಳು ಅವು, ಮರಳಿ ಬರುವಂಥವಲ್ಲ.

ಹೀಗೆ ಕೊಡಿ: ಎರಡು ಚಮಚಗಳ ನಡುವೆ ಮಾತ್ರೆ ಒತ್ತಿ ನುಣ್ಣಗೆ ಪುಡಿ ಮಾಡಿ. ಅದೇ ಚಮಚದಲ್ಲಿ 1–2 ಎಂಎಲ್ ಎದೆಹಾಲು ಅಥವಾ ನೀರಿನಲ್ಲಿ ಕಲಸಿ ಕೂಡಲೇ ಕೆನ್ನೆಯ ಒಳಭಾಗಕ್ಕೆ ಬಿಡಿ. ಚಮಚಕ್ಕೆ ಇನ್ನೆರಡು ಹನಿ ಹಾಕಿ ತೊಳೆದು ಅದನ್ನೂ ಕುಡಿಸಿ. ದಿನವೂ ಒಂದೇ ಹೊತ್ತು, ಒಂದೇ ಕ್ರಮ. ಕಬ್ಬಿಣ, ಕ್ಯಾಲ್ಸಿಯಂಗೆ 4 ಗಂಟೆ ಅಂತರವಿರಲಿ. ಮೊದಲೇ ಕಲಸಿ ಇಡಬೇಡಿ. ಸಿರಪ್ ಮಾಡಿಸಿಕೊಳ್ಳುವುದೂ ಬೇಡ, ಹಾಗೆ ಕಲಸಿಟ್ಟದ್ದರಲ್ಲಿ ಪ್ರತಿ ಹನಿಯಲ್ಲೂ ಅಷ್ಟೇ ಮದ್ದಿರುತ್ತದೆಂಬ ಭರವಸೆಯಿಲ್ಲ. ಕೊಟ್ಟ ತಕ್ಷಣ ಪೂರ್ತಿ ಕಕ್ಕಿದರೆ ಮತ್ತೆ ಕೊಡಬೇಕೇ ಎಂಬುದನ್ನು ಡಾಕ್ಟರ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.

ಇನ್ನು ‘ಮಗು ಚೆನ್ನಾಗಿದೆ’ ಎಂಬ ಮಾತು. ಗರ್ಭದಲ್ಲಿ ತಾಯಿಯ ಟಿ4 ಸ್ವಲ್ಪ ಮಗುವಿಗೆ ಬಂದಿರುತ್ತದೆ, ಅದಕ್ಕೇ ಹೆಚ್ಚಿನ ಮಕ್ಕಳು ಹುಟ್ಟಿದಾಗ ಏನೂ ಆಗದವರಂತೆಯೇ ಕಾಣುತ್ತಾರೆ. ಊದಿದ ಮುಖ, ದಪ್ಪ ನಾಲಿಗೆ, ಹೊಕ್ಕುಳ ಉಬ್ಬು ಕಾಣುವ ಹೊತ್ತಿಗೆ ಹಾನಿ ಶುರುವಾಗಿರುತ್ತದೆ. 1974ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಎಲ್ಲ ನವಜಾತ ಶಿಶುಗಳ ಪರೀಕ್ಷೆ ಆರಂಭವಾದದ್ದೇ ಕಣ್ಣಿಗೆ ಕಾಣುವ ಮೊದಲು ಹಿಡಿಯಲಿಕ್ಕೆ. ಹುಟ್ಟಿದ ಕೂಡಲೇ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಜಿಗಿಯುತ್ತದೆ ನಿಜ, ಅದಕ್ಕಾಗಿಯೇ ರಕ್ತದ ಹನಿಯನ್ನು 48ರಿಂದ 72 ಗಂಟೆಯ ನಡುವೆ ಕಾಗದಕ್ಕೆ ಹಿಡಿಯುವುದು. ಬೇಗ ತೆಗೆದಿದ್ದರೂ, ನಂತರ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಕಡಿಮೆ ಬಂದಿದ್ದರೆ ಸಂಶಯಕ್ಕೆ ಜಾಗವಿಲ್ಲ. ಆ ರಿಪೋರ್ಟ್ ತೆಗೆದು ನೋಡಿ.

ಕೊಡುವ ಕ್ರಮ ಬದಲಾದರೆ ಡಾಕ್ಟರಿಗೆ ಅಂದೇ ಹೇಳಿ, ಒಂದೆರಡು ವಾರದಲ್ಲಿ ಟಿಎಸ್‌ಎಚ್ ಜೊತೆ ಫ್ರೀ ಟಿ4ನ್ನೂ ಮಾಡಿಸಿ. ಟಿಎಸ್‌ಎಚ್ ಕೆಲವು ಮಕ್ಕಳಲ್ಲಿ ನಿಧಾನವಾಗಿ ಇಳಿಯುತ್ತದೆ. ಪರೀಕ್ಷೆಯ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ಕೊಡಿ. ಈ ಕೊರತೆ ತಾತ್ಕಾಲಿಕವೇ ಎಂದು ಮಾತ್ರೆ ನಿಲ್ಲಿಸಿ ನೋಡುವ ಕಾಲವೂ ಬರುತ್ತದೆ: 3 ವರ್ಷ ತುಂಬಿದ ಮೇಲೆ, ಡಾಕ್ಟರ ಕಣ್ಗಾವಲಿನಲ್ಲಿ.